ಮೊದಲು ಮುಳುಗುವ ಹಣ

ರೈಲಿಗಿಂತ ಮೊದಲು ಅದರ ಸುದ್ದಿ ಬಂತು,
ಸುದ್ದಿಯ ಬೆನ್ನಿಗೇ ನೆಲದ ಬೆಲೆ,
ಬೆಲೆಯ ಬೆನ್ನಿಗೆ ಇಸ್ತ್ರಿಯ ಗೆರೆ ಮುರಿಯದ ಅಂಗಿಯ ಇಬ್ಬರು.
ಟೈರ್ ಅಂಗಡಿಯ ಟಫೋಯಾ ಅವರಿಗೆ ಕಾಫಿ ಕೊಟ್ಟ,
ಉತ್ತರ ಕೊಡಲಿಲ್ಲ.

ಆರೋರಾದ ಈ ಬದಿಗೆ ಆಗ ಬೀದಿದೀಪವೂ ಅರ್ಧಂಬರ್ಧ.
ತಂತಿ ಬೇಲಿ, ಸವೆದ ಟೈರುಗಳ ಗುಡ್ಡೆ,
ನೆಲದಳಿಲುಗಳ ಬಿಲ.
ಮೂರನೆಯವಳಾಗಿ ಹೋದವಳು ನಾನು,
ಡೆಲ್ಫಿನಾ ಆರ್ಚುಲೆಟಾ, ಸಾಲ ಕೊಡುವ ಸಂಸ್ಥೆಯ ನೌಕರಳು,
ಚೀಲದಲ್ಲಿ ಐದೇ ವರ್ಷ ಬಾಳುವ ದುಡ್ಡು.

'ಕೊಂಡು ಏನು ಮಾಡ್ತೀರಿ?' ಅಂದ.
'ಕಾಯ್ತೀವಿ.'
ನಕ್ಕುಬಿಟ್ಟ. ನೆಲ ಕೊಂಡು ಕಾಯುವವರನ್ನು ಅವನು ಕಂಡಿದ್ದ,
ಬೆಲೆ ಏರಲಿ ಎಂದು ಕಾಯುವವರನ್ನು.
ಏರಿದ್ದು ಒಳಗೆ ಬಾರದಿರಲಿ ಎಂದು
ಬಾಗಿಲಿಗೆ ಅಡ್ಡ ಕೂತವರನ್ನು ಕಂಡಿರಲಿಲ್ಲ.

ಮನೆ ಕಟ್ಟಿ ನೋಡು ಅಂತಾರಲ್ಲ,
ಇಟ್ಟಿಗೆಗೆ ಮೊದಲು ಕಾಗದ ಕಟ್ಟಿ ನೋಡಬೇಕು.
ಒಂದು ಕೊಳದ ಮೆಟ್ಟಿಲು ಅಂದುಕೊಳ್ಳಿ.
ಮೇಲಿನ ಮೆಟ್ಟಿಲಲ್ಲಿ ಬ್ಯಾಂಕು, ಬೂಟು ಒದ್ದೆಯಾಗದ ಹಾಗೆ.
ಅದರ ಕೆಳಗೆ ನಗರಸಭೆ,
'ಆದಾಗ ಕೊಡಿ' ಅನ್ನುವ ಮೆತ್ತನೆಯ ಸಾಲ ಹಿಡಿದು.
ಕಡೆಯ ಮೆಟ್ಟಿಲಲ್ಲಿ, ಮೊಣಕಾಲುದ್ದ ನೀರಲ್ಲಿ ಯಾರು?
ಏಳು ತಿಂಗಳು ಆ ಮೆಟ್ಟಿಲು ಖಾಲಿ.
ಸಭೆ ಮುಗಿದು ಬಿಸ್ಕತ್ತು ಖಾಲಿಯಾಗುತ್ತಿತ್ತು,
ಮೆಟ್ಟಿಲು ತುಂಬುತ್ತಿರಲಿಲ್ಲ.

ಕೊನೆಗೆ ಬಂದವಳು ಪೀಚ್ ಹಣ್ಣಿನ ಡಬ್ಬಿಯಲ್ಲಿ
ದುಡ್ಡು ಮಾಡಿದವನ ವಿಧವೆ, ಮಿಸೆಸ್ ಲುಂಡ್‌ಕ್ವಿಸ್ಟ್, ಎಂಬತ್ತೊಂದು.
ಕರಾರನ್ನು ಎರಡು ಸಲ ಓದಿದಳು,
ಮೂಗಿನ ತುದಿಯ ಕನ್ನಡಕ ತೆಗೆದಳು:
'ಮುಳುಗಿದರೆ ನನ್ನದೇ ಮೊದಲು ಮುಳುಗಲಿ.
ನನಗೆ ಈಜು ಬರುತ್ತೆ.'

ತೊಂಬತ್ತಾರು ಮನೆ.
ಪೂರ್ತಿ ಬಾಡಿಗೆ ಕೊಡುವ ದಂತವೈದ್ಯನ ಗೋಡೆ
ಶಾಲೆಯ ಅಡುಗೆಯವಳ ಗೋಡೆಗೆ ಒರಗಿ ನಿಂತಿದೆ,
ಅವನ ಒಂದನೇ ತಾರೀಖು ಇವಳದನ್ನು
ಕೈಹಿಡಿದು ನಡೆಸುತ್ತೆ.
ಇಬ್ಬರಿಗೂ ಇದು ತಿಳಿಯದಿರುವುದೇ ಒಳ್ಳೆಯದು.

ಅಷ್ಟರಲ್ಲಿ ಬಡ್ಡಿ ಏರಿತು, ನೂರಕ್ಕೆ ಅರ್ಧ.
ಕಾಗದದ ಮೇಲೆ ಅರ್ಧ,
ಕಟ್ಟಡದಲ್ಲಿ ನಾಲ್ಕು ಮನೆ.
ಸಲಹೆಗಾರ ಪೆನ್ನು ತಿರುಗಿಸುತ್ತ ಅಂದ:
'ಎರಡು ಬಾಗಿಲು ಇಡಿ. ಆ ಜನಕ್ಕೆ ಹಿಂದಿನದು.
ಮುಂದಿನವರು ಇನ್ನಷ್ಟು ಕೊಡ್ತಾರೆ.'
ನಮ್ಮಮ್ಮ ಇಪ್ಪತ್ತು ವರ್ಷ ಹಿಂಬಾಗಿಲಿನಿಂದ ಹೋಗಿ ಪಾತ್ರೆ ತೊಳೆದವಳು.
ಹೇಳಲಿಲ್ಲ. ನಕ್ಷೆ ಎಳೆದುಕೊಂಡು
ನಲವತ್ತು ಕಾರಿನ ಜಾಗ ಅಳಿಸಿದೆ.
ಇನ್ನೂರು ಹೆಜ್ಜೆಗೆ ರೈಲಿದೆ, ಕಾರು ಯಾಕೆ?
ಕಾರುಗಳು ಹೋದ ಜಾಗದಿಂದ ನಾಲ್ಕು ಮನೆ ಮರಳಿ ಬಂದವು.
ಬಾಗಿಲು ಒಂದೇ ಉಳಿಯಿತು, ತುಸು ಅಗಲವಾಗಿಯೇ.

ಆಮೇಲೆ ಚೀಟಿ ಎತ್ತಿದ ದಿನ.
ಕಡಿಮೆ ಬಾಡಿಗೆಯ ಇಪ್ಪತ್ತನಾಲ್ಕು ಮನೆಗೆ
ಸಾವಿರದ ಒಂಬೈನೂರು ಅರ್ಜಿ.
ಅಬೆರಾಶ್ ವೋಲ್ದೆಗೆ ಹತ್ತೊಂಬತ್ತನೆಯ ಚೀಟಿ!
ರಾತ್ರಿಯಿಡೀ ವಿಮಾನಗಳ ಒಳಗೆ
ಯಾರದೋ ಕಡಲೆಬೀಜದ ಸಿಪ್ಪೆ ಗುಡಿಸುವವಳು,
ಎರಡು ಬಸ್ಸು ಹಿಡಿದು, ಉಳಿದದ್ದು ನಡೆದು ಮನೆ ಸೇರುವವಳು.
ಮಗನ ಹಲ್ಲಿಗೆಂದು ಡಿಸೆಂಬರಿನಲ್ಲಿ
ಒಂದು ಪಾಳಿ ಹೆಚ್ಚು ದುಡಿದಿದ್ದಳು.
ಆದಾಯದ ಮಿತಿಯನ್ನು ಅದು ದಾಟಿತ್ತು,
ನಲವತ್ತೆರಡು ಡಾಲರ್.

'ಆ ಪಾಳಿ ವಾಪಸ್ಸು ಕೊಡಬಹುದಾ?' ಕೇಳಿದಳು.
ತಮಾಷೆಗಲ್ಲ.
ಗಾಜಿನ ಈಚೆ ಕೂತ ನನಗೆ ಗೊತ್ತಿತ್ತು:
ಆ ಅಂಕಣದ ಗೆರೆ ಎಳೆದದ್ದು ನನ್ನದೇ ಬೆರಳು,
ಒಂದು ಮಂಗಳವಾರ, ಊಟಕ್ಕೆ ಮುಂಚೆ.
ಕರಾರಿನ ಗೆರೆ ಅದು, ಅಲುಗಿಸಿದರೆ
ಮೆಟ್ಟಿಲುಗಳಷ್ಟೂ ಕುಸಿಯುತ್ತವೆ.
ಇಷ್ಟನ್ನೂ ಅವಳಿಗೆ ಹೇಳಲು ಹೊರಟು
'ನೀರು ಬೇಕಾ?' ಅಂದೆ.

ಇಪ್ಪತ್ತನೆಯ ಚೀಟಿಯವರು ಬಂದರು. ಅವರೂ ಬೇಕಾದವರೇ.

ಮುಂದಿನ ನಿಲ್ದಾಣದ ಪಕ್ಕ ಜಮಖಾನೆ ಗೋದಾಮೊಂದಿದೆ,
ಕಿಟಕಿ ಒಡೆದದ್ದು, ಯಜಮಾನ ಕಿವುಡ.
ನಾಳೆ ಬೆಳಿಗ್ಗೆ ಹೋಗಬೇಕು,
ಆ ಇಬ್ಬರ ಅಂಗಿ ಇಸ್ತ್ರಿಯಾಗುವುದರೊಳಗೆ.